ಬದುವಿನ ಸುತ್ತ ನಾಲ್ಕು ಸಾಲು ಕುಸುಬಿ

ನನ್ನ ಸೋದರಮಾವನ ಲೆಕ್ಕದಲ್ಲಿ ಲೋಕದ ಜನ ಎರಡೇ ಪಂಗಡ: ಹೂ ಬೆಳೆಯುವವರು, ಹೂ ಬೆಳೆಯದವರು. ನಾನು ಎರಡನೆಯ ಪಂಗಡದವನು. ಹೀಗಾಗಿ ನನಗಿರುವ ಬೆಲೆ ಅಷ್ಟರಲ್ಲೇ ಇದೆ.

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಹಗಲು ಕೂಲಿ, ಸಂಜೆ ಓದು, ಇಂಗ್ಲಿಷಿನಲ್ಲಿ ಎರಡು ಸಲ ಮಕಾಡೆ ಬಿದ್ದು ಎದ್ದು ಗಳಿಸಿದ ಪದವಿ! ಸರ್ಟಿಫಿಕೇಟು ಹಿಡಿದು ಮಾವನ ಊರು ಮಂಠಾಳಕ್ಕೆ ಓಡಿದರೆ, ಮಾವ ಜೇನುಪೆಟ್ಟಿಗೆಯಿಂದ ತಲೆ ಎತ್ತದೆ ಕೇಳಿದ್ದಿಷ್ಟೇ: "ಕಾಲೇಜಿನ ಸುತ್ತ ಏನ್ ಹೂ ಅದಾವ?"

ಹೆಣ್ಣಿನ ಕಡೆಯವರು ವರದಕ್ಷಿಣೆ ಕೇಳಿದ್ದನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಮಾವನ ಮಗಳನ್ನು ನೋಡಲು ಮುಡಬಿಯಿಂದ ಬಂದವರು ಹುಡುಗನ ನೌಕರಿ, ಮೋಟರ್‌ಸೈಕಲ್ಲು ಎಲ್ಲವನ್ನೂ ಬಣ್ಣಿಸಿದರು. ಹೊಲದಾಗ ಏನು ಹಾಕೀರಿ ಎಂದ ಮಾವ. ಸೋಯಾ, ಒಂದಿಷ್ಟು ಕಬ್ಬು ಎಂದರು. ಮಾವ ಅವಲಕ್ಕಿ ತಟ್ಟೆ ಕೆಳಗಿಟ್ಟ. ಅತ್ತೆ ಅದನ್ನು ಎತ್ತಿ ಮತ್ತೆ ಅವನ ಕೈಗೆ ಕೊಟ್ಟಳು.

ಮೊದಲೆಲ್ಲ ಜೋಳದ ಹೊಲಕ್ಕೆ ದನ ನುಗ್ಗದಿರಲೆಂದು ಸುತ್ತಲೂ ಮುಳ್ಳಿನ ಕುಸುಬಿ ಬಿತ್ತುತ್ತಿದ್ದರು. ಮನುಷ್ಯನಿಗೆ ಎಣ್ಣೆ, ಹೊಲಕ್ಕೆ ಬೇಲಿ, ಜೇನಿಗೆ ಚಳಿಗಾಲದ ಊಟ. ಸೋಯಾದ ಹೂವೋ, ಜೇನಿನ ಹೊಟ್ಟೆಯ ಮೂಲೆಗೂ ಸಾಲದು.

"ಹುಡುಗೀನ ಕೊಡ್ತೀನ್ರಿ. ಹಿಂಗಾರಿಗೆ ಬದುವಿನ ಸುತ್ತ ನಾಕ್ ಸಾಲು ಕುಸುಬಿ ಹಾಕಬೇಕು ನೋಡ್ರಿ."

ಬೀಗರು ನಕ್ಕು ಒಪ್ಪಿದರು. ಪಾಪ, ಚೇಷ್ಟೆ ಎಂದುಕೊಂಡಿದ್ದರು! ಆ ಚಳಿಗಾಲ ಮಾವ ಪೆಟ್ಟಿಗೆಗಳನ್ನು ಹೇರಿಕೊಂಡು ನೇರ ಅವರ ಹೊಲಕ್ಕೇ ಹೋದ. ಸಾಲು ಎಣಿಸಿದ ಮೇಲೆ ಮಗಳ ಕ್ಷೇಮ ವಿಚಾರಿಸಿದ. ಮೂರೇ ಸಾಲಿದ್ದವಂತೆ. ಚಹಾ ಮುಟ್ಟದೆ ಬಂದ.

ಮುಂದೆ ಆ ಹೊಲವೂ ಪ್ಲಾಟಾಯಿತು. ನಾನೂ ಹುಮನಾಬಾದಿನ ಹೊರಗೊಂದು ಪ್ಲಾಟು ಕೊಂಡೆ. ಕೂಲಿಯವರ ಮಗ ಕೊಂಡ ಮೊದಲ ನೆಲ, ಹೆಮ್ಮೆಪಡಬಾರದೇ? ಹಿಂದೆ ಅದು ಸೂರ್ಯಕಾಂತಿಯ ಹೊಲ. ಈಗ ಕಮಾನಿನ ಮೇಲೆ 'ಹೂಬನ' ಎಂದು ಬರೆದಿದೆ. ಒಳಗೆ ಗಡಿಕಲ್ಲು, ಸುಣ್ಣದ ಗೆರೆ. ಹೂವು ಯಾವಾಗ ಬರುತ್ತದೆಂದು, ನೋಡಲು ಬಂದ ಮಾವ ಪ್ಲಾಟು ಮಾರುವವನನ್ನೇ ಕೇಳಿದ. "ಅದು ಬರೇ ಹೆಸರ್ರಿ ಕಾಕಾ" ಎಂದನಾತ. ನಾನು ಬೇರೆ ಕಡೆ ನೋಡಿದೆ.

ಹೂವಿಲ್ಲದೆ ಹುಳಗಳು ಕಬ್ಬಿನ ಹಾಲಿನ ಗಾಡಿಗೆ ಮುತ್ತತೊಡಗಿದವು. ನಿನ್ನ ಹುಳ ಗಿರಾಕಿಗಳನ್ನು ಓಡಿಸಾಕತ್ತಾವ ಎಂದು ಗಾಡಿಯವನು ಜಗಳಕ್ಕೆ ಬಂದ.

"ಹೂ ಕಿತ್ತು ಕಬ್ಬು ಹಚ್ಚಿದಿರಿ. ಅವೂ ಕಬ್ಬಿಗೇ ಬಂದಾವ. ಈಗ ಅವೂ ಗಿರಾಕಿನ ಅಲ್ಲೇನೋ?"

ಮಾತಿನಲ್ಲಿ ಮಾವ ಗೆದ್ದ. ಹುಳಗಳು ಗಾಣದಲ್ಲಿ ಸಿಕ್ಕಿ ಸತ್ತವು. ಒಂಬತ್ತು ಪೆಟ್ಟಿಗೆಗಳಲ್ಲಿ ಉಳಿದದ್ದು ಒಂದು. ಬೇಸಿಗೆಯೊಳಗೆ ಹೂವಿನ ಜಾಗ ಸಿಗದಿದ್ದರೆ ಅದೂ ಇಲ್ಲ.

ಕೊಡಂಬಲದಲ್ಲಿ ಒಬ್ಬಾಕೆ ಬೀಜಕ್ಕೆಂದು ಉಳ್ಳಾಗಡ್ಡಿ, ಕೊತ್ತಂಬರಿ ಹೂವಿಗೆ ಬಿಟ್ಟಿದ್ದಾಳೆಂದು ಪತ್ತೆಹಚ್ಚಿದ ಮಾವ, ಆ ಪೆಟ್ಟಿಗೆಯನ್ನು ಆಕೆಗೇ ಕೊಟ್ಟುಬಿಡುವೆನೆಂದ. ಯಾರಿಗೂ ಒಂದು ತುಣುಕು ಜೇನುಮೇಣ ಕೊಡದ ಮನುಷ್ಯ! ನಸುಕಿನಲ್ಲಿ ಬಾಯಿ ಮುಚ್ಚಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಡಿಗೆ ಆಟೋದಲ್ಲಿ ಹೋದೆವು. ಹೊಲದಲ್ಲಿಟ್ಟು ಬಾಗಿಲು ತೆರೆದ. ಬಿಳಿ ಹೂಗಳ ಮೇಲೆ ಹುಳಗಳು ಹರಡಿದವು. ಮಾವ ಬಂದು ಆಟೋ ಹತ್ತಿದ.

ಎರಡು ಮೈಲಿ ಬಂದಿರಬೇಕು. ಅವನ ಟವೆಲಿನ ಮಡಿಕೆಯಲ್ಲಿ ಏನೋ ಮಿಸುಕಿತು. ಒಂದೇ ಒಂದು ಜೇನುಹುಳ. ಮಾವ ಅದನ್ನು ಮುಷ್ಟಿಯೊಳಗೆ ಸಡಿಲವಾಗಿ ಮುಚ್ಚಿಕೊಂಡ.

"ಇದೊಂದು ನನ್ನ ಬೆನ್ನ ಹತ್ತಿ ಬಂದುಬಿಟ್ಟದ. ತನ್ನವರಿಲ್ದೆ ಹೊತ್ತು ಮುಳುಗೂತನಾ ಬದುಕಂಗಿಲ್ಲ ಇದು."

ಒಂದು ಹುಳಕ್ಕೆ ಯಾರು ವಾಪಸು ಹೋಗುತ್ತಾರೆ ಎಂದು ಡ್ರೈವರ್ ನಕ್ಕ. ನಗಲು ನಾನೂ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಾವನ ಕೈ ಕಂಡಿತು; ಗಾಳಿ ತಾಗದಿರಲೆಂದು ಆ ಮುಷ್ಟಿಯ ಮೇಲೆ ಇನ್ನೊಂದು ಕೈಯನ್ನೂ ಮುಚ್ಚಿದ್ದ.

"ತಿರುಗಿಸಪ್ಪ" ಎಂದೆ.

ಹೊಲದಲ್ಲಿ ಮಾವ ಮಂಡಿಯೂರಿ ಪೆಟ್ಟಿಗೆಯ ಬಾಗಿಲಲ್ಲಿ ಅಂಗೈ ಇಟ್ಟ. ಹುಳ ಒಂದು ಕ್ಷಣ ಅಲ್ಲೇ ನಿಂತು, ನಡೆದು ಒಳಗೆ ಹೋಯಿತು. ಮಾವ ಮಾತ್ರ ಕೈ ತೆಗೆಯಲಿಲ್ಲ. ಆಟೋದವನು ಎರಡು ಸಲ ಹಾರ್ನ್ ಹೊಡೆದ. ನಾನು ಮಾವನ ಪಕ್ಕ ಮಣ್ಣಿನಲ್ಲಿ ಕೂತೆ.