ಸಂಗಪ್ಪಣ್ಣನ ದನಿಯಲ್ಲೊಂದು ಗ್ರಂಥಾಲಯ

ಮಿಮಿಕ್ರಿ ಮಾಡುವವನನ್ನು ಜನ ಊಟಕ್ಕೆ ಕರೆಯುತ್ತಾರೆ, ನೌಕರಿಗೆ ಕರೆಯುವುದಿಲ್ಲ. ರೋಣದ ಬೀಗರ ಮನೆಯಿರಲಿ, ನರಗುಂದದ ಮದುವೆ ಮನೆಯಿರಲಿ, ನಾನು ಹೊಸ್ತಿಲು ದಾಟುವುದೇ ತಡ, "ಏ, ಕಂಡಕ್ಟರ್‌ನ ಮಾಡೋ", "ಏ, ನಿಮ್ಮ ಮಾವನ್ನ ಮಾಡೋ" ಎಂದು ಶುರುವಾಗುತ್ತದೆ. ನಾನು ಮಾಡುತ್ತೇನೆ, ಎಲ್ಲರೂ ನಗುತ್ತಾರೆ. ಮಾವ ಮಾತ್ರ ಹೋಳಿಗೆ ಮುರಿಯುತ್ತ, "ನನ್ನಂಗ ಮಾತಾಡೂದು ಸಾಕು, ನನ್ನಂಗ ಒಂದಿಷ್ಟು ದುಡಿ" ಎನ್ನುತ್ತಾರೆ. ಅದನ್ನೂ ನಾನು ಅವರ ದನಿಯಲ್ಲೇ ಇನ್ನೊಮ್ಮೆ ಹೇಳಿ ತೋರಿಸುತ್ತೇನೆ. ಎರಡನೆಯ ಹೋಳಿಗೆ ನನ್ನ ತಟ್ಟೆಗೆ ಬರುವುದಿಲ್ಲ.

ಆದರೂ ನನಗೊಂದು ನೌಕರಿ ಸಿಕ್ಕಿದೆ. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೀವು ನೋಡಿರುತ್ತೀರಿ. ಸುತ್ತಲಿನ ಜನ ಅವಕ್ಕೆ ಫ್ಯಾನು ಎನ್ನುತ್ತಾರೆ. ಯಾವಗಲ್ ಊರಿನ ನಮ್ಮಜ್ಜಿ, "ಅಷ್ಟ ಫ್ಯಾನ ಹಚ್ಚಿದ್ರೂ ಸೆಕಿ ಹೋಗವಲ್ದಲ್ಲೋ" ಎಂದು ನನ್ನನ್ನೇ ಹೊಣೆ ಮಾಡುತ್ತಾಳೆ. ಆ ಫ್ಯಾನುಗಳನ್ನು ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಗ್ರಂಥಪಾಲಕ. ಒಂದು ಖೋಲಿ, ಮೂರು ಕಪಾಟು, ಒಂದು ಮೇಜು. ಕಪಾಟಿನಲ್ಲಿ ಗೇರ್‌ಬಾಕ್ಸು, ಬ್ರೇಕು, ವೈರಿಂಗುಗಳ ಕೈಪಿಡಿಗಳು. ಈ ಗ್ರಂಥಗಳಲ್ಲಿ ನಾಯಕಿಯಿಲ್ಲ, ಕೊನೆಯಲ್ಲಿ ಯಾರೂ ಒಂದಾಗುವುದಿಲ್ಲ. ಹೆಚ್ಚೆಂದರೆ ಎರಡು ತಂತಿ ಒಂದಾಗುತ್ತವೆ, ಆಗ ಫ್ಯೂಸು ಹಾರುತ್ತದೆ.

ಒಂದು ದಿನ ನಮ್ಮ ಮ್ಯಾನೇಜರ್ ಪಾಟೀಲ ಸಾಹೇಬರು ಬಾಗಿಲಲ್ಲೇ ನಿಂತು, "ತಮ್ಮಾ, ಬರೂ ತಿಂಗಳು ದೊಡ್ಡ ಸಾಹೇಬ್ರು ಬರತಾರ. ಈ ಖೋಲಿಗೆ ಯಾರೂ ಹಣಿಕಿ ಹಾಕೂದಿಲ್ಲಂದ್ರ ಇಲ್ಲಿ ಗ್ರೀಸಿನ ಡಬ್ಬಿ ಇಡಸ್ತಾರ. ಡಬ್ಬಿ ಕಾಯಾಕ ನಿನ್ನ ಇಡಸ್ತಾರ" ಎಂದರು. ಗ್ರೀಸಿನ ಡಬ್ಬಿಯ ಮುಂದೆ ಎಂಥ ಮಿಮಿಕ್ರಿ ಮಾಡಿದರೂ ಅದು ನಗುವುದಿಲ್ಲ.

ಯಾರೂ ಬರುತ್ತಿರಲಿಲ್ಲ ಎನ್ನುವುದು ಖರೆ. ಬರಲು ಅಲ್ಲಿ ಬೇಕಾದ ಪುಸ್ತಕಗಳೂ ಇರಲಿಲ್ಲ. ನಮ್ಮ ರಿಪೇರಿ ಹುಡುಗರು ಕೈಪಿಡಿಯನ್ನು ಚೀಲಕ್ಕೆ ತುರುಕಿಕೊಂಡು ಫ್ಯಾನಿನ ಕಂಬ ಹತ್ತುತ್ತಾರೆ. ಇಳಿಯುವಾಗ ಪಾನಾ, ಇಕ್ಕಳ ಎಲ್ಲ ಎಣಿಸಿ ಇಳಿಸಬೇಕೆಂಬ ನಿಯಮವಿದೆ. ಪುಸ್ತಕ ಪಾನಾ ಅಲ್ಲವಲ್ಲ, ಅದು ಅಲ್ಲೇ ಉಳಿಯುತ್ತದೆ. ಹೀಗಾಗಿ ನನ್ನ ಗ್ರಂಥಾಲಯದ ಅರ್ಧ ಭಾಗ ನೆಲದ ಮೇಲಿದ್ದರೆ ಇನ್ನರ್ಧ ಮೋಡದ ಪಕ್ಕದಲ್ಲಿತ್ತು.

ಇದಕ್ಕೆ ಹೆಡ್ ಆಫೀಸಿನವರು ಮದ್ದು ಕಳಿಸಿದರು. ಒಬ್ಬ ಮೇಡಂ ಕಂಪ್ಯೂಟರಿನ ಪರದೆಯ ಮೇಲೆ ಬಂದು, "ಗ್ರಂಥಾಲಯ ಅಂದ್ರೆ ಇನ್ನು ಕೋಣೆ ಅಲ್ಲ, ಸಂವಾದ" ಎಂದರು. ಬ್ಲಾಗು ಬರೆಯಿರಿ, ಪುಟ ತೆರೆಯಿರಿ, ಓದುಗರೇ ಪುಸ್ತಕಕ್ಕೆ ನಕ್ಷತ್ರ ಕೊಡಲಿ, ಗುಂಪು ಕಟ್ಟಿರಿ ಎಂದರು. ನಾನು ಎಲ್ಲವನ್ನೂ ಮಾಡಿದೆ. "ಗೇರ್‌ಬಾಕ್ಸಿನ ಎಣ್ಣೆ: ಒಂದು ಪರಿಚಯ" ಎಂಬ ಬ್ಲಾಗಿಗೆ ಬಂದ ಏಕೈಕ ಪ್ರತಿಕ್ರಿಯೆ ನಮ್ಮ ಚಿಗವ್ವನದು: "ಊಟಾತೇನಪಾ?" ಬ್ರೇಕಿನ ಕೈಪಿಡಿಗೆ ನಮ್ಮ ಮೆಕ್ಯಾನಿಕ್ ಇರ್ಫಾನ್ ಒಂದೇ ನಕ್ಷತ್ರ ಕೊಟ್ಟ. ಯಾಕೋ ಎಂದರೆ, "ತಲಿದಿಂಬು ಮಾಡ್ಕೊಂಡ್ರ ಕುತ್ತಿಗಿ ನೋಯಿಸ್ತೈತಿ" ಎಂದ. ಇನ್ನು ವಾಟ್ಸಾಪ್ ಗುಂಪು. ಅಲ್ಲಿ ಬೆಳಗಾದರೆ ಗುಲಾಬಿ ಹೂವು, ಸಂಜೆಯಾದರೆ ಉಳ್ಳಾಗಡ್ಡಿ ರೇಟು. "ಹೊಸ ವೈರಿಂಗ್ ಕೈಪಿಡಿ ಬಂದಿದೆ, ಬನ್ನಿ" ಎಂದು ಹಾಕಿದರೆ ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸಿದರು, ಒಬ್ಬರೂ ಕಾಲು ಎತ್ತಿ ಬರಲಿಲ್ಲ. ಅದೇ ದಿನ ಮುಶಿಗೇರಿಯಲ್ಲಿ ಯಾರದೋ ಆಡು ಕಳೆದ ಸುದ್ದಿ ಬಂದಿತ್ತು. ಆಡಿನ ಬಣ್ಣವೇನು, ಕೋಡು ಎಂಥವು, ಕೊರಳಲ್ಲಿ ಗಂಟೆಯಿತ್ತೇ ಎಂದು ಗುಂಪಿನಲ್ಲಿ ರಾತ್ರಿಯವರೆಗೂ ಸಂವಾದ ನಡೆಯಿತು. ಮೇಡಂ ಹೇಳಿದ ಸಂವಾದ ಇದೇ ಇರಬೇಕು, ಆದರೆ ಗ್ರಂಥಾಲಯ ಆಡಿನದಾಗಿತ್ತು.

ಆಗ ನನಗೆ ಒಂದು ಹೊಳೆಯಿತು. ನಮ್ಮವರು ಓದುವುದಿಲ್ಲ, ಕೇಳುತ್ತಾರೆ. ಕೈಗವಸು ಹಾಕಿಕೊಂಡು ಕಂಬದ ತುದಿಯಲ್ಲಿ ಕೂತವನು ಓದುವುದಾದರೂ ಹೇಗೆ? ಅವನಿಗೆ ಎಲ್ಲವೂ ವಾಕಿಟಾಕಿಯಲ್ಲಿ ಬರುವ ದನಿಯೇ. ಅದರಲ್ಲೂ ಸಂಗಪ್ಪಣ್ಣನ ದನಿ. ಸಂಗಪ್ಪಣ್ಣ ನಮ್ಮ ಹಿರಿಯ ಮೆಕ್ಯಾನಿಕ್. "ಹ್ಞಾ… ಹುಡುಗ್ರಾ" ಎಂದು ಅವರು ಕೆಮ್ಮಿದರೆ ತಿರುಗುವ ಫ್ಯಾನೂ ಒಂದು ಕ್ಷಣ ಯೋಚಿಸುತ್ತದೆ. ಅವರ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು, ಗುಂಪಿನ ಗೊಡವೆಯೇ ಇಲ್ಲ. ಅವರ ದನಿಯನ್ನು ನಾನು ಚಹಾದ ಹೊತ್ತಿಗೆ ಎಷ್ಟೋ ಸಲ ಮಾಡಿ ನಗಿಸಿದವನು. ಬಾಗಿಲು ಮುಚ್ಚಿದೆ, ಕೆಮ್ಮಿದೆ, ಗ್ರಂಥಾಲಯದ ಫೋನಿನಲ್ಲಿ ಹೀಗೆಂದು ದನಿ ತುಂಬಿ ಗುಂಪಿಗೆ ಕಳಿಸಿದೆ:

"ಹ್ಞಾ… ಹುಡುಗ್ರಾ, ಗ್ರಂಥಾಲಯದಾಗ ಕುಂತು ಹೇಳಾಕತ್ತೇನಿ. ಯಾರ್ಯಾರು ಪುಸ್ತಕ ಮ್ಯಾಲೆ ಬಿಟ್ಟೀರಿ, ಯಾರ್ಯಾರು ಮನ್ಯಾಗ ಇಟ್ಟೀರಿ, ಲಗೂನ ತಂದು ಮೇಜಿನ ಮ್ಯಾಲೆ ಇಡ್ರಿ. ಪಾಪ, ಆ ಗ್ರಂಥಾಲಯದ ಹುಡುಗ ಭಾಳ ಚಲೋ ಅದಾನ."

ಕೊನೆಯ ವಾಕ್ಯ ಗ್ರಂಥಾಲಯ ಶಾಸ್ತ್ರಕ್ಕೆ ಬೇಕಾಗಿರಲಿಲ್ಲ. ಆದರೆ ಸಂಗಪ್ಪಣ್ಣನ ಬಾಯಲ್ಲಿ ನನ್ನ ಹೊಗಳಿಕೆ ಕೇಳುವ ಆಸೆ, ಬೇರೆ ಹೇಗೆ ತೀರೀತು?

ಮರುದಿನ ಪುಸ್ತಕಗಳು ಬಂದವು. ಒಂದರ ಪುಟಗಳ ನಡುವೆ ರೊಟ್ಟಿಯ ಚೂರು, ಇನ್ನೊಂದಕ್ಕೆ ಯಾರದೋ ಮಗಳು ಸಾಲಿ ಪುಸ್ತಕದಂತೆ ರಟ್ಟು ಹಾಕಿ ಹೆಸರು ಬರೆದಿದ್ದಳು. ನನಗೆ ರುಚಿ ಹತ್ತಿತು. ಇಂಗ್ಲಿಷ್ ಕೈಪಿಡಿಯ ಒಂದೊಂದು ಪುಟವನ್ನು ಪಾಟೀಲ ಸಾಹೇಬರಿಂದ ಅರ್ಥ ಮಾಡಿಸಿಕೊಂಡು, ದಿನಾ ಬೆಳಿಗ್ಗೆ ಸಂಗಪ್ಪಣ್ಣನ ದನಿಯಲ್ಲಿ ಹೇಳತೊಡಗಿದೆ. "ಬ್ರೇಕು ಅಂದ್ರ ಹೆಂಡತಿ ಸಿಟ್ಟು ಇದ್ದಂಗ, ಬರೂ ಮೊದಲ ನೋಡ್ಕೋಬೇಕು." ಹುಡುಗರು ಜೀಪಿನಲ್ಲಿ ಕೂತು ಕೇಳುತ್ತಿದ್ದರು. ದಾರಿಯಲ್ಲಿ ಸಂಗಪ್ಪಣ್ಣ ಸಿಕ್ಕರೆ, "ಇವತ್ತ ಭಾರೀ ಹೇಳಿದ್ರಿ ಅಣ್ಣಾರ" ಎನ್ನುತ್ತಿದ್ದರು. ಅವರೋ, ಹೊಗಳಿಕೆ ಎಲ್ಲಿಂದ ಬಂತೆಂದು ವಿಚಾರಿಸುವ ಜಾತಿಯವರಲ್ಲ. "ಹ್ಞಾ, ಹೇಳಬೇಕಲ್ಲ ಮತ್ತ" ಎಂದು ಮೀಸೆ ತಿರುವುತ್ತಿದ್ದರಂತೆ.

ದೊಡ್ಡ ಸಾಹೇಬರು ಬರುವ ಹಿಂದಿನ ದಿನ, ಆ ಮೀಸೆ ನನ್ನ ಬಾಗಿಲಲ್ಲಿ ಕಾಣಿಸಿತು. ಗ್ರಂಥಾಲಯಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ನಾನು ಎದ್ದು ನಿಂತೆ. ದನಿಗಳೆಲ್ಲ ನನ್ನ ಗಂಟಲು ಬಿಟ್ಟು ಓಡಿಹೋದವು.

ಸಂಗಪ್ಪಣ್ಣ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರೂ ಹುಡುಕಿ ಕೈಬಿಟ್ಟಿದ್ದ ಹಳೆಯ ವೈರಿಂಗ್ ನಕ್ಷೆಗಳದು.

"ನನ್ನ ಕಡೇನ ಇತ್ತಪಾ. ಎಲ್ಲಾರೂ ತಂದಿಡ್ರಿ ಅಂತ ನಾನ ಹೇಳೀನಂತಲ್ಲ. ನನ್ನ ಮಾತು ನಾನ ಕೇಳಲಿಲ್ಲಂದ್ರ ಹುಡುಗ್ರು ಏನಂದಾರು?"

"ಅಣ್ಣಾರ, ಅದು…"

"ಇರ್ಫಾನ್ ಎಲ್ಲಾ ಕೇಳಿಸಿದ. ಚಲೋ ಮಾಡೀದಿ ಮಗನ. ಆದ್ರ ನಾ ಹಂಗ ಕೆಮ್ಮೂದಿಲ್ಲ." ಹೀಗೆಂದು ಥೇಟ್ ಹಾಗೆಯೇ ಕೆಮ್ಮಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ತಾ ಇಲ್ಲೆ ಆ ಫೋನು. ಇವತ್ತಿಂದು ನಾನ ಹೇಳತೇನಿ" ಎಂದರು.

ಹೇಳಿದರು. ಫೋನನ್ನು ನೋಡುತ್ತಲೇ ಅವರಿಗೆ ಭಾಷಣದ ಗತ್ತು ಬಂದುಬಿಟ್ಟಿತು. "ಆತ್ಮೀಯ ಕಾರ್ಮಿಕ ಬಾಂಧವರೇ" ಎಂದು ಶುರು ಮಾಡಿ, ಒಂದು ಸಲವೂ ಕೆಮ್ಮದೆ ಮುಗಿಸಿದರು. ಕಳಿಸಿದ ಕೂಡಲೇ ಗುಂಪು ಹೊತ್ತಿಕೊಂಡಿತು. "ಇದು ಸಂಗಪ್ಪಣ್ಣ ಅಲ್ಲೇ ಅಲ್ಲ." "ಯಾರೋ ಡುಪ್ಲಿಕೇಟ್." "ಗ್ರಂಥಾಲಯದ ಮಂಗ್ಯಾನ ಕೆಲಸ ಇದು. ಅಣ್ಣಾರ ದನಿ ಕೆಡಸ್ಯಾನ." ನಾನು ಒಂದೊಂದನ್ನೇ ಓದಿ ಹೇಳಿದೆ. ಸಂಗಪ್ಪಣ್ಣನ ಮುಖ ಸಣ್ಣ ಮಗುವಿನದಾಯಿತು. "ಖರೇನ ನಾನ ಅದೇನಲ್ಲೋ" ಎಂದು ನನ್ನನ್ನೇ ಕೇಳಿದರು. ನಗಿಸಲು ಹುಟ್ಟಿದವನಿಗೆ ಆಗ ನಗು ಬರಲಿಲ್ಲ ನೋಡಿ. "ಹೌದ್ರಿ ಅಣ್ಣಾರ, ನೀವ ಅದೀರಿ. ನಾಳೆ ಎಲ್ಲಾರ ಮುಂದ ತೋರಸ್ರಿ" ಎಂದೆ. ಗುಂಪಿನಲ್ಲಿ, "ಖರೇ ಸಂಗಪ್ಪಣ್ಣ ಯಾರು ಅಂತ ನೋಡಬೇಕಂದ್ರ ನಾಳೆ ಗ್ರಂಥಾಲಯಕ್ಕ ಬರ್ರಿ" ಎಂದು ಟೈಪು ಮಾಡಿದೆ.

ಈ ಸಲ ಹೆಬ್ಬೆರಳಲ್ಲ, ಕಾಲುಗಳೇ ಬಂದವು. ಮರುದಿನ ದೊಡ್ಡ ಸಾಹೇಬರು ಬಂದಾಗ ಖೋಲಿಯೊಳಗೆ ನಿಲ್ಲಲು ಜಾಗವಿಲ್ಲ, ಕಿಟಕಿಯಲ್ಲೂ ತಲೆಗಳು. ನಡುವೆ ಸಂಗಪ್ಪಣ್ಣ ನಕ್ಷೆ ಹಿಡಿದುಕೊಂಡು ಕೆಮ್ಮಿ ಕೆಮ್ಮಿ ವಿವರಿಸುತ್ತಿದ್ದರು. ಕೆಮ್ಮು ಪರೀಕ್ಷಿಸಲು ಬಂದ ಹುಡುಗರು ನಕ್ಷೆಯಲ್ಲಿ ಸಿಕ್ಕಿಬಿದ್ದು ಪ್ರಶ್ನೆ ಕೇಳುತ್ತಿದ್ದರು. ದೊಡ್ಡ ಸಾಹೇಬರು ಹೊರಗೇ ನಿಂತು ನೋಡಿ, "ಪಾಟೀಲ, ಈ ಖೋಲಿ ಸಣ್ಣದಾತಲ್ರೀ" ಎಂದರು. ಗ್ರೀಸಿನ ಡಬ್ಬಿಗಳು ಈಗಲೂ ಹೊರಗಿನ ಶೆಡ್ಡಿನಲ್ಲೇ ಇವೆ.

ಪಾಟೀಲ ಸಾಹೇಬರಿಗಂತೂ ಎಲ್ಲ ಗೊತ್ತಿತ್ತು. ಸಂಜೆ ಕರೆದು, "ಇನ್ನ ಮ್ಯಾಲೆ ಸಂಗಪ್ಪನ ದನಿ ಸಂಗಪ್ಪ ಮಾಡಲಿ. ನಿನ್ನ ದನಿ ನೀ ಮಾಡು" ಎಂದರು. ನ್ಯಾಯವಾದ ಮಾತು. ಮರುದಿನ ಬಾಗಿಲು ಮುಚ್ಚಿ, ಯಾರ ಕೆಮ್ಮೂ ಸೇರಿಸದೆ, "ಗೆಳೆಯರೇ, ಹೊಸ ಪುಸ್ತಕಗಳು ಬಂದಿವೆ, ದಯಮಾಡಿ ಬನ್ನಿ" ಎಂದು ಕಳಿಸಿದೆ. ಕೊನೆಗೆ ಇರ್ಫಾನನ ಉತ್ತರ ಬಂತು:

"ಇದು ಯಾರನ್ನ ಮಾಡೀದಿಪಾ? ಗುರುತ ಹತ್ತವಲ್ದು. ಇನ್ನೊಂದಿಷ್ಟು ಪ್ರ್ಯಾಕ್ಟೀಸ್ ಮಾಡು."

ಮಾಡುತ್ತಿದ್ದೇನೆ.