ಕಾಕಾನ ಸೂಜಿ, ನನ್ನ ಸೀನು

ನನ್ನ ಕಾಕಾ ಬಹಳ ದಿನ ನನ್ನ ಹಲ್ಲಿನ ಮೇಲೆ ಕಣ್ಣಿಟ್ಟಿದ್ದ. ನಗಬೇಡಿ, ಇಡೀ ಇಳಕಲ್ಲಿನಲ್ಲಿ ನನ್ನ ಹಲ್ಲಿಗೆ ಬೆಲೆ ಕೊಟ್ಟವನು ಅವನೊಬ್ಬನೇ!

ಕಾಕಾ ಇಪ್ಪತ್ತು ವರ್ಷ ಸರಕಿನ ಹಡಗಿನಲ್ಲಿ ಖಲಾಸಿಯಾಗಿದ್ದವನು. ಹಿಂದಿನ ಕಾಲದಲ್ಲಿ ತಿಮಿಂಗಿಲ ಬೇಟೆಗೆ ಹೋದ ನಾವಿಕರು ಬಿಡುವಿನಲ್ಲಿ ಅದರ ಹಲ್ಲಿನ ಮೇಲೆ ಸೂಜಿಯಿಂದ ಚಿತ್ರ ಗೀರಿ, ಗೆರೆಗಳಿಗೆ ಮಸಿ ತುಂಬಿ, ಊರಿಗೆ ಮರಳಿದಾಗ ಹೆಂಡತಿಗೆ ಕೊಡುತ್ತಿದ್ದರಂತೆ. ಹಡಗಿನ ಮುದುಕನೊಬ್ಬ ಹೇಳಿದ ಈ ಸಂಗತಿ ಕಾಕಾನ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೆ ಇಳಕಲ್ಲಿನಲ್ಲಿ ತಿಮಿಂಗಿಲ ಎಲ್ಲಿಂದ ಬರಬೇಕು? ನಾನು ಬಾಗಲಕೋಟೆಯಲ್ಲಿ ದವಡೆಹಲ್ಲು ಕೀಳಿಸಿಕೊಂಡು ಬಂದ ದಿನ ಬಾಗಿಲಲ್ಲೇ ಕೈಚಾಚಿದ. ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದ.

"ಒಗಿಯಲೇ ಇದನ್ನ, ಹುಳಾ ತಿಂದೈತಿ. ತಿಮಿಂಗಿಲಾ ನಿನ್ನಂಗ ಪೇಢೆ ತಿನ್ನೂದಿಲ್ಲ!"

ಅವಮಾನ ನುಂಗಿಕೊಂಡು, ಹಲ್ಲಿನ ಬದಲಿಗೆ ಕೆರೂರಿನ ಗೆಳೆಯನ ಹಿತ್ತಲಿನಿಂದ ಎತ್ತಿನ ಬಿಳಿ ಕೋಡೊಂದನ್ನು ತಂದುಕೊಟ್ಟೆ.

ಕಾಕಾನ ಹೆಂಡತಿ, ನನ್ನ ಚಿಗವ್ವ, ಸೀರೆ ನೇಯುವವಳು. ಮಗ್ಗದಿಂದಲೇ ಅವಳದು ಒಂದೇ ಮಾತು: "ಇಪ್ಪತ್ತು ವರ್ಷದಾಗ ಒಮ್ಮೆರೆ ನಾ ನೆನಪಾಗಿದ್ನೇನ್ರಿ?" ಅದಕ್ಕೆ ಉತ್ತರವನ್ನು ಕಾಕಾ ಕೋಡಿನ ಮೇಲೆ ಗೀರಿ ಕೊಡಲು ಹೊರಟಿದ್ದ. ಆದರೆ ಈಗ ಅವನ ಕೈ ನಡುಗುತ್ತಿತ್ತು.

"ಇದೊಂದು ಮುಗೀಲಿ. ಇನ್ನೊಂದಕ್ಕ ಈ ಕೈ ಬರಂಗಿಲ್ಲಲೇ."

ಭೂತಗನ್ನಡಿ ಹಿಡಿಯುವ ಕೆಲಸ ನನ್ನದು. ಇಷ್ಟು ದೊಡ್ಡ ಹೊಣೆಯನ್ನು ಯಾರೂ ನನಗೆ ಕೊಟ್ಟಿರಲಿಲ್ಲ. ಕೊಡದೆ ಇದ್ದುದೇ ಸರಿ! ಹತ್ತೊಂಬತ್ತು ದಿನಗಳಲ್ಲಿ ಚಿತ್ರ ಮೂಡಿತು: ಬಾಗಿಲಲ್ಲಿ ನಿಂತ ಹರೆಯದ ಚಿಗವ್ವ, ಹೆಗಲ ಮೇಲೆ ಸೆರಗು. ಕೊನೆಯ ದಿನ ನಾನು ಸೀನಿದೆ. ನನ್ನ ಮೊಣಕೈ ಅವನ ಮೊಣಕೈಗೆ ತಾಗಿತು. ಸೂಜಿ ಚಿತ್ರದ ಚಿಗವ್ವನ ಹೆಗಲ ಮೇಲೆ ಅಡ್ಡಕ್ಕೆ ಗೆರೆ ಎಳೆಯಿತು.

ಕಾಕಾ ಬೈಯಲಿಲ್ಲ. ಕೋಡನ್ನು ಲುಂಗಿಯಿಂದ ಒರೆಸಿ, "ಮಸಿ ಕೊಡು" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಆ ಗೆರೆಗೂ ಮಸಿ ತುಂಬಿ, ಕೋಡನ್ನು ಚಿಗವ್ವನ ಮುಂದೆ ಮಗ್ಗದ ಮೇಲಿಟ್ಟ. ತಪ್ಪೊಪ್ಪಿಕೊಳ್ಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಉಗುರು ನನ್ನ ಸೀನಿನ ಗೆರೆಯ ಮೇಲೆ ನಿಂತಿತು. ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಅವಳು ಜೋಡಿಸುವ ಜಾಗ ಅದು.

"ಅಯ್ಯ, ಕೊಂಡಿ ಸುದ್ದಾ ಮರ್ತಿಲ್ಲಲ್ರಿ ನೀವು!"

ಕಾಕಾ ನನ್ನನ್ನು ನೋಡಿದ. ಉಳಿದ ಹಲ್ಲುಗಳನ್ನು ಬಿಗಿಯಾಗಿ ಕಚ್ಚಿಕೊಂಡೆ. ಚಿಗವ್ವ ತನ್ನ ಸೆರಗಿನ ತುದಿ ಎಳೆದು, ಅವನ ನಡುಗುವ ಬೆರಳುಗಳ ಮಸಿಯನ್ನು ಒಂದೊಂದಾಗಿ ಒರೆಸತೊಡಗಿದಳು.