ನಮ್ಮವರು ಮುಂದಿದ್ದಾರೆ

ನಾನು ಅಂಜುಬುರುಕ. ಇದನ್ನು ಹೇಳಿಕೊಳ್ಳಲು ನನಗೆ ಅಂಜಿಕೆಯಿಲ್ಲ. ಹೇಳದಿದ್ದರೂ ನನ್ನ ಹೆಂಡತಿ ಹೇಳುತ್ತಾಳೆ. ಹಲ್ಲಿಗೆ ಅಂಜುತ್ತೇನೆ, ನಾನು ಪಾಠ ಮಾಡುವ ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಅಂಜುತ್ತೇನೆ, ಹಲ್ಲು ಕೀಳುವ ಡಾಕ್ಟರರ ಬೋರ್ಡಿಗೂ ಅಂಜುತ್ತೇನೆ. ಆದರೆ ಚುನಾವಣೆ ಬಂದಾಗ ಹುನಗುಂದದ ಚಹಾದಂಗಡಿಯಲ್ಲಿ ಯಾರಾದರೂ ಬೆನ್ನು ತಟ್ಟಿ "ಏನ್ರಿ ಮಾಸ್ತರ, ಈ ಸಲ ಯಾರು?" ಎಂದು ಕೇಳಿದಾಗ ಆಗುವ ನಡುಕದ ಮುಂದೆ ಅವೆಲ್ಲ ಏನೂ ಅಲ್ಲ. ಕೇಳಿದವನು ಯಾವ ಪಕ್ಷದವನೋ ಅವನ ಮುಖ ನೋಡಿದರೆ ತಿಳಿಯುವುದಿಲ್ಲ. ಹೋದ ಸಲದ ಪಕ್ಷದಲ್ಲೇ ಈ ಸಲವೂ ಇದ್ದಾನೆಂಬ ಭರವಸೆಯೂ ಇಲ್ಲ. ಅದಕ್ಕೇ ನಾನೊಂದು ಮದ್ದು ಕಂಡುಕೊಂಡಿದ್ದೆ. ಒಂದೇ ಶಬ್ದ: 'ನಮ್ಮವರು'. ಈ ಸಲ ಯಾರು? ನಮ್ಮವರೇ. ಯಾರು ಮುಂದಿದ್ದಾರೆ? ನಮ್ಮವರೇ. ಕೇಳಿದವನು ತನ್ನವರನ್ನು ಅದರಲ್ಲಿ ತುಂಬಿಕೊಂಡು ಖುಷಿಯಿಂದ ಹೋಗುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದು ನನ್ನ ಹೆಂಡತಿ ಇದನ್ನು ಹಂಗಿಸುತ್ತಾಳೆ. ಇಟ್ಟರೇನಾಯಿತು, ಎರಡೂ ಮನೆಗೆ ಬೆಳಕಾಗುತ್ತದಲ್ಲ!

ನಮ್ಮ ಕ್ಷೇತ್ರದ ಜನ ನಿದ್ದೆ ಬಾರದವರ ಹಾಗೆ ಒಂದು ಸಲ ಆ ಮಗ್ಗಲು, ಇನ್ನೊಂದು ಸಲ ಈ ಮಗ್ಗಲು ಹೊರಳುತ್ತಾರೆ. ಹೀಗಾಗಿ ಕೊನೆಯ ಸುತ್ತಿನ ಎಣಿಕೆಯವರೆಗೂ ಯಾರಿಗೂ ಉಸಿರಿಲ್ಲ. ಒಂದು ಊರಲ್ಲಿ ಗಟ್ಟಿಯಾಗಿದ್ದ ಸಂಬಂಧವೇ ಫಲಿತಾಂಶದ ದಿನ ಮುರಿದುಬಿತ್ತಂತೆ. ಬೀಗರಿಬ್ಬರೂ ಒಂದೇ ಟೀವಿಯ ಮುಂದೆ ಕೂತಿದ್ದರಂತೆ, ರಿಮೋಟು ಯಾರ ಕೈಯಲ್ಲಿರಬೇಕು ಎಂಬಲ್ಲಿಂದ ಮಾತು ಶುರುವಾಗಿ ಕೊಟ್ಟ ಸೀರೆ ವಾಪಸು ಬರುವವರೆಗೆ ಹೋಯಿತಂತೆ. ಈ ಸುದ್ದಿ ಕೇಳಿದಾಗ ನನಗೆ ನಗು ಬಂದಿತ್ತು. ಆಗಿನ್ನೂ ನನ್ನ ಮಗಳಿಗೆ ಗಂಡು ಗೊತ್ತಾಗಿರಲಿಲ್ಲ.

ಈ ವರ್ಷ ಗೊತ್ತಾಯಿತು. ಮಗಳು ವೀಣಾ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹುಡುಗ ಇಳಕಲ್ಲಿನವನು, ಒಳ್ಳೆಯವನು. ಅವನ ತಂದೆ ಶ್ರೀಪಾದರಾಯರೂ ಒಳ್ಳೆಯವರೇ, ಆದರೆ ಒಂದು ಪಕ್ಷವೆಂದರೆ ಪ್ರಾಣ. ನಮ್ಮ ಮನೆಯ ಮಾಲಕರು ಬೀರಪ್ಪನವರು, ನಮ್ಮ ತಲೆಯ ಮೇಲೆಯೇ, ಅಂದರೆ ಮೇಲಿನ ಮಹಡಿಯಲ್ಲಿ ಇರುತ್ತಾರೆ. ಅವರಿಗೆ ಇನ್ನೊಂದು ಪಕ್ಷವೆಂದರೆ ಪ್ರಾಣ. ಯಾರದು ಯಾವುದು ಎಂದು ಇಲ್ಲಿ ಬರೆಯಲಾರೆ, ನಾಳೆ ಊರಲ್ಲಿ ತಿರುಗಾಡಬೇಕಲ್ಲ. ಬೀಗರಾಗುವವರು ಎಂಥವರು ಎಂದು ಬೀರಪ್ಪನವರು ಕೇಳಿದಾಗ ನಾನು 'ನಮ್ಮವರೇ' ಎಂದಿದ್ದೆ. ನಿಮ್ಮ ಮಾಲಕರು ಹೇಗೆ ಎಂದು ಶ್ರೀಪಾದರಾಯರು ಕೇಳಿದಾಗಲೂ ನಾಲಿಗೆ ರೂಢಿಯಂತೆ ಅದನ್ನೇ ಹೇಳಿತ್ತು.

ಶ್ರೀಪಾದರಾಯರು ಮುಹೂರ್ತದ ಮಾತಿಗೆ ದಿನ ಚೆನ್ನಾಗಿದೆಯೆಂದು ಪಂಚಾಂಗ ನೋಡಿ ಹೊರಟು ಬಂದರು. ಆ ದಿನವೇ ಮತ ಎಣಿಕೆ ಎಂದು ಪಂಚಾಂಗದಲ್ಲಿ ಬರೆದಿರಲಿಲ್ಲ. ಬಂದವರೇ ಕಾಲು ತೊಳೆದು, ಮುಹೂರ್ತ ಆಮೇಲೆ ನೋಡೋಣ, ಮೊದಲು ಟೀವಿ ಹಚ್ಚಿ ಎಂದರು. ಹಚ್ಚಿದೆ. ಅಷ್ಟರಲ್ಲಿ ಬಾಗಿಲಲ್ಲಿ ಬೀರಪ್ಪನವರು ನಿಂತಿದ್ದರು. ಅವರ ಡಿಶ್ ಮೇಲೆ ಮಂಗಗಳು ಕೂತು ಅದರ ಮುಖವನ್ನು ಎತ್ತಲೋ ತಿರುವಿಟ್ಟಿದ್ದವಂತೆ. ಅಂಜಿದವನ ಮೇಲೆ ಕಪ್ಪೆ ಎಸೆದಂತೆ ಎಂದು ಕೇಳಿದ್ದೆ. ನನ್ನ ಮೇಲೆ ಮಂಗ ಎಸೆದಿದ್ದರು.

ಇಬ್ಬರಿಗೂ ಪರಸ್ಪರ ಪರಿಚಯವಾಯಿತು. ಇಬ್ಬರೂ 'ನಮ್ಮವರು' ಎಂದು ನಾನೇ ಮೊದಲೇ ಹೇಳಿಟ್ಟಿದ್ದರಿಂದ ಒಬ್ಬರಿಗೊಬ್ಬರು ಬಹಳ ಗೌರವ ಕೊಟ್ಟರು. ಟೀವಿಯಲ್ಲಿ ಇನ್ನೂ ಬೇರೆ ಬೇರೆ ಜಿಲ್ಲೆಗಳ ಲೆಕ್ಕ ಓಡುತ್ತಿತ್ತು. ಇಲ್ಲಿ ನಮ್ಮವರಿಗೆ ಭಯವಿಲ್ಲ ಎಂದು ಇವರೆಂದರೆ, ಇರಲು ಕಾರಣವೇ ಇಲ್ಲ ಎಂದು ಅವರೆನ್ನುವರು. ಎದುರಿನ ಪಕ್ಷದವರ ಬುದ್ಧಿಯನ್ನು ಇಬ್ಬರೂ ಸೇರಿ ಬೈದರು. ಯಾರನ್ನು ಯಾರು ಬೈಯುತ್ತಿದ್ದಾರೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತೆ: ಯಾರನ್ನಾದರೂ ಗೆಲ್ಲಿಸು ತಾಯಿ, ಆದರೆ ಇವರು ಎದ್ದು ಹೋದ ಮೇಲೆ ಗೆಲ್ಲಿಸು. ನಮ್ಮ ಕ್ಷೇತ್ರದ ಹೆಸರು ಪರದೆಯ ತಳದಲ್ಲಿ ತೆವಳುತ್ತ ಬಂದಾಗಲೆಲ್ಲ ಟೀವಿಯ ಮುಂದೆ ಹೋಗಿ ನಿಂತು ಇನ್ನಷ್ಟು ಮಂಡಕ್ಕಿ ಬೇಕೇ ಎಂದು ಕೇಳಿದೆ. ಮೂರನೆಯ ಸಲ ಹಾಗೆ ನಿಂತಾಗ ಶ್ರೀಪಾದರಾಯರು, ಮಾಸ್ತರ, ನೀವೇನು ಗಾಜಿನವರಲ್ಲ, ಸರೀರಿ ಎಂದರು. ಹೆಂಡತಿ ಅಡುಗೆಮನೆಯಿಂದ ನನ್ನನ್ನು ನೋಡಿದ ನೋಟವನ್ನು ಬರೆಯಲು ಶಬ್ದಗಳಿಲ್ಲ. ಈ ಸಂಬಂಧ ತಪ್ಪಿದರೆ ನಾಳೆಯಿಂದ ನನ್ನ ಗತಿ ಏನೆಂಬುದು ಅದರಲ್ಲಿತ್ತು.

ಕೊನೆಗೆ ಹೊರಗೆ ಪಟಾಕಿ ಢಮ್ಮೆಂದಿತು. ಪಟಾಕಿಗೆ ಪಕ್ಷವಿಲ್ಲ, ಅದಕ್ಕೇ ಇಬ್ಬರೂ ಒಟ್ಟಿಗೇ ಚಪ್ಪಾಳೆ ತಟ್ಟಿದರು. ಆಮೇಲೆ ಪರದೆಯ ಮೇಲೆ ಗೆದ್ದವರ ಮುಖ ಬಂತು. ಒಂದು ಚಪ್ಪಾಳೆ ನಿಂತಿತು, ಇನ್ನೊಂದು ನಡೆದೇ ಇತ್ತು.

"ನಮ್ಮವ್ರು ಸೋತಾರ್ರಿ. ಹಿಂಗ್ಯಾಕ ಚಪ್ಪಾಳಿ ಬಡೀತೀರಿ?" ಎಂದರು ಬೀರಪ್ಪನವರು.

"ಸೋತಾರ? ನಮ್ಮವ್ರು ಗೆದ್ದಾರಲ್ರೀ," ಎಂದರು ಶ್ರೀಪಾದರಾಯರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಸೇರಿ ನನ್ನನ್ನು ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ್ದೇನೆ. ಉತ್ತರ ಬಾರದ ಹುಡುಗ ಬೆಂಚಿನ ಮೇಲೆ ನಿಂತಾಗ ಅವನಿಗೆ ಏನಾಗುತ್ತದೆಂದು ಅಂದೇ ನನಗೆ ತಿಳಿದದ್ದು.

"ಮಾಸ್ತರ, ನಮ್ಮವ್ರು ಅಂದ್ರ ಯಾರ್ರಿ? ಇವತ್ತ ಹೇಳಿಬಿಡ್ರಿ," ಎಂದರು ಬೀರಪ್ಪನವರು. ಶ್ರೀಪಾದರಾಯರು ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಟೋಪಿಯನ್ನು ಕೈಗೆ ತೆಗೆದುಕೊಂಡರು. ಮದುವೆ ಮುರಿಯುವ ಸದ್ದು ಹೇಗಿರುತ್ತದೋ ಗೊತ್ತಿಲ್ಲ, ನನಗಂತೂ ಆ ಟೋಪಿಯ ಧೂಳು ಝಾಡಿಸಿದ ಸದ್ದೇ ಅದೆನಿಸಿತು. ನಮ್ಮವರು ಅಂದರೆ ಎಂದು ಶುರುಮಾಡಿ, ಮಂಡಕ್ಕಿಯ ತಟ್ಟೆಯನ್ನು ಅವರ ಮುಂದೆ ಸರಿಸಿದೆ.

ಆಗ, ಮುಹೂರ್ತದ ಮಾತಿಗೆಂದು ಊರಿಗೆ ಬಂದಿದ್ದ ವೀಣಾ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದಳು. "ಅಪ್ಪಗ ಎಲ್ಲಾರೂ ನಮ್ಮವ್ರ, ಕಾಕಾ. ಅಂವಗ ಕೇಳಬ್ಯಾಡ್ರಿ, ನನಗ ಕೇಳ್ರಿ," ಎಂದು ಬೀರಪ್ಪನವರಿಗೆ ಹೇಳಿ, ಶ್ರೀಪಾದರಾಯರ ಮುಂದೆ ಕಪ್ಪು ಇಟ್ಟಳು. "ನಾ ಸೋತವ್ರಿಗೆ ಹಾಕೀನಿ. ಬರೋ ಸಲಾನೂ ಮನಸಿಗೆ ಬಂದವ್ರಿಗೇ ಹಾಕ್ತೇನಿ."

ಮಗಳ ಮೇಲೆ ನನಗೆ ಅಭಿಮಾನ ಉಕ್ಕಿತು ಎಂದು ಬರೆದರೆ ಚೆಂದ. ಖರೆ ಹೇಳಬೇಕೆಂದರೆ, ಮುಗಿಯಿತು ಎನಿಸಿ ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಟೋಪಿ ಮತ್ತೆ ಕುರ್ಚಿಯ ಮೇಲಿತ್ತು, ಶ್ರೀಪಾದರಾಯರು ಚಹಾ ಊದುತ್ತಿದ್ದರು.

"ನಮ್ಮ ಮನ್ಯಾಗ ಎಲ್ಲಾರೂ ನಾ ಹೇಳಿದ್ದಕ್ಕ ಹೂಂ ಅಂತಾರ, ಬೀರಪ್ಪನವ್ರ. ಆಮ್ಯಾಲ ತಮಗ ಬೇಕಾದ್ದ ಮಾಡ್ತಾರ," ಎಂದರು. "ಮಾರಿ ಮ್ಯಾಲ ಹೇಳೋ ಸೊಸಿ ಒಬ್ಬಾಕಿಯರ ನಮ್ಮ ಮನಿಗೆ ಬರಲಿ."

ನಿಮ್ಮ ಮನೆಯೊಳಗೇ ನಮಗೊಂದು ವೋಟು ಬಂತು ನೋಡಿ ಎಂದು ಬೀರಪ್ಪನವರು ನಕ್ಕರು. ಸೋತ ದುಃಖದಲ್ಲೂ ಎರಡು ಕಪ್ಪು ಚಹಾ ಕುಡಿದರು. ಮುಹೂರ್ತದ ಮಾತು ಶುರುವಾಯಿತು. ನಾನು ಆಗಲಿ ಎನ್ನಲು ಬಾಯಿ ತೆರೆದರೆ ಶ್ರೀಪಾದರಾಯರು ಕೈಯೆತ್ತಿ ತಡೆದರು: ನಿಮ್ಮ 'ಆಗಲಿ'ಗೆ ಎಷ್ಟು ಅರ್ಥವೋ ಏನೋ, ದಿನ ಯಾವುದೆಂದು ಹುಡುಗಿಯೇ ಹೇಳಲಿ. ಅವಳೇ ಹೇಳಿದಳು. ನನ್ನ ಹೆಂಡತಿ ಅದಕ್ಕೆ ತಲೆಯಾಡಿಸಿದಳು. ಮದುವೆ ನನ್ನನ್ನು ಬಿಟ್ಟು ಸುಸೂತ್ರವಾಗಿ ಗೊತ್ತಾಯಿತು.

ಸಂಜೆ ಅವರನ್ನು ಇಳಕಲ್ ಬಸ್ಸಿಗೆ ಹತ್ತಿಸಲು ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಗುಲಾಲು ಹಾರುತ್ತಿತ್ತು. ಶ್ರೀಪಾದರಾಯರು ಕಿಟಕಿಯಿಂದ ಬಗ್ಗಿ, ಈಗ ನಾವಿಬ್ಬರೇ ಇದ್ದೇವೆ, ನೀವು ಯಾರಿಗೆ ಹಾಕಿದಿರಿ ಎಂದು ಕೇಳಿದರು. ಮಗಳ ಧೈರ್ಯದ ಗಾಳಿ ನನಗೂ ಸ್ವಲ್ಪ ತಾಗಿತ್ತೇನೋ. ಸುತ್ತ ಒಮ್ಮೆ ನೋಡಿ, ಇಷ್ಟು ವರ್ಷದಲ್ಲಿ ಮೊದಲ ಸಲ, ಪಕ್ಷದ ಹೆಸರು ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದು ಅವರದೇ ಪಕ್ಷವಾಗಿತ್ತು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಡ್ರಿ ಮಾಸ್ತರ, ಸಂಬಂಧ ಗಟ್ಟಿ ಆಗ್ಯದ. ಇನ್ನ ನನ್ನ ಖುಷಿ ಮಾಡ್ಲಿಕ್ಕೆ ಸುಳ್ಳ ಯಾಕ ಹೇಳ್ತೀರಿ?" ಎಂದರು. ಬಸ್ಸು ಹೊರಟಿತು.